ರಜೆ ನಮಗೆ, ಪ್ರಾಣಿಗಳಿಗಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆ ಹತ್ತಿರ ಬಂತೆಂದರೆ ನಿಮ್ಮ ಪತ್ರಗಳ ಧಾಟಿಯೇ ಬದಲಾಗುತ್ತದೆ. ಊರಿಗೆ ಹೋಗುವಾಗ ಬೆಕ್ಕನ್ನು ಏನು ಮಾಡೋದು, ಪಟಾಕಿಗೆ ನಾಯಿ ನಡುಗುತ್ತೆ, ಕಾಡಿಗೆ ಹೋಗ್ತಿದ್ದೇವೆ ಏನು ನೆನಪಿಡಬೇಕು, ಹೀಗೆ. ಈ ಸಲ ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ. ಬರೆಯುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ನನ್ನ ಉತ್ತರಗಳಲ್ಲಿ ಮುಕ್ಕಾಲು ಪಾಲು ‘ಸ್ವಲ್ಪ ದೂರ ನಿಲ್ಲಿ, ಸುಮ್ನೆ ಬಿಡಿ’ ಅನ್ನೋವೇ ಆಗಿವೆ. ಬೇಜಾರು ಮಾಡ್ಕೋಬೇಡಿ. ಪ್ರಾಣಿಗಳಿಗೆ ನಮ್ಮಿಂದ ಬೇಕಾಗಿರುವುದು ಬಹಳಷ್ಟು ಸಲ ಅಷ್ಟೇ.

ಪ್ರಶ್ನೆ: ಮಕ್ಕಳಿಗೆ ರಜೆ ಶುರುವಾಗಿದೆ. ಮಗಳಿಗೆ ಏಳು, ಮಗನಿಗೆ ಹತ್ತು. ಇಡೀ ದಿನ ಮೊಬೈಲ್ ಹಿಡಿದು ಕೂತಿರುತ್ತಾರೆ. ಹಕ್ಕಿ, ಪ್ರಾಣಿಗಳಿಗೆ ಉಪಯೋಗವಾಗುವಂಥದ್ದು ಏನಾದರೂ ಮನೆಯಲ್ಲೇ ಮಾಡಿಸಬಹುದಾ ಮೇಡಂ?

ಖಂಡಿತ ಮಾಡಿಸಬಹುದು. ನೀರಿನ ತಟ್ಟೆಯಿಂದ ಶುರು ಮಾಡಿ. ಅಗಲವಾದ ಮಣ್ಣಿನ ತಟ್ಟೆ ಸಾಕು. ನಡುವೆ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಆಳ ಬೇಡ, ಅಂಚಿನಲ್ಲಿ ಇನ್ನೂ ಕಡಿಮೆ ಇರಲಿ. ಒಳಗೆ ನಾಲ್ಕೈದು ಒರಟು ಕಲ್ಲು ಇಡಿಸಿ, ಅವುಗಳ ತಲೆ ನೀರಿನಿಂದ ಮೇಲೆ ಕಾಣಬೇಕು. ಜೇನುನೊಣಗಳು ಆ ಕಲ್ಲಿನ ಮೇಲೆ ಕೂತು ನೀರು ಹೀರುತ್ತವೆ, ಕಲ್ಲಿಲ್ಲದಿದ್ದರೆ ಎಷ್ಟೋ ಸಲ ಜಾರಿ ಮುಳುಗುತ್ತವೆ. ತಟ್ಟೆಯನ್ನು ಪೊದೆಗೆ ಅಂಟಿಸಿದ ಹಾಗೆ ಇಡಬೇಡಿ, ಬೆಕ್ಕು ಹೊಂಚು ಹಾಕೋದು ಅಲ್ಲೇ. ಒಂದೆರಡು ಮೀಟರ್ ಬಯಲು ಬಿಡಿ, ಹೆದರಿದ ಹಕ್ಕಿ ಹಾರಿಹೋಗಿ ಕೂರಲು ಹತ್ತಿರದಲ್ಲೊಂದು ಕೊಂಬೆ ಇದ್ದರೆ ಒಳ್ಳೆಯದು.

ನೀರು ಇಡೋದು ಸುಲಭ, ತೊಳೆಯೋದೇ ಕಷ್ಟ. ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ. ಆಮೇಲೆ ತಟ್ಟೆಯಲ್ಲಿ ಪಾಚಿ ಕಟ್ಟುತ್ತದೆ, ಹಿಕ್ಕೆ ಬೀಳುತ್ತದೆ, ಅದೇ ನೀರನ್ನು ಹತ್ತಾರು ಹಕ್ಕಿಗಳು ಕುಡಿದು ಒಂದರ ಕಾಯಿಲೆ ಇನ್ನೊಂದಕ್ಕೆ ದಾಟುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ. ಹಾಗಾಗಿ ದಿನಾ ನೀರು ಚೆಲ್ಲಿ, ಒಂದು ಹಳೆಯ ಬ್ರಶ್‌ನಿಂದ ಉಜ್ಜಿ, ಹೊಸ ನೀರು ತುಂಬೋದನ್ನು ಮಗಳ ಕೆಲಸ ಅಂತ ಒಪ್ಪಿಸಿಬಿಡಿ. ಸೋಪು ಬೇಡ. ಮೊದಲ ಎರಡು ಮೂರು ದಿನ ಯಾವ ಹಕ್ಕಿಯೂ ಬರದೇ ಇರಬಹುದು. ಆಮೇಲೆ ಒಂದು ಬಂದು ಅಂಚಿನಲ್ಲಿ ಕೂತು ಆಕಡೆ ಈಕಡೆ ನೋಡುತ್ತದೆ, ಕೊಕ್ಕು ಅದ್ದಿ ತಲೆ ಮೇಲೆತ್ತುತ್ತದೆ, ಗಂಟಲಲ್ಲಿ ಹನಿ ಇಳಿಯೋದು ಕಾಣುತ್ತದೆ. ಹೆಚ್ಚಿನ ಹಕ್ಕಿಗಳಿಗೆ ನಮ್ಮ ಹಾಗೆ ಹೀರಿಕೊಳ್ಳಲು ಬರುವುದಿಲ್ಲ, ಅದಕ್ಕೇ ಪ್ರತಿ ಗುಟುಕಿಗೂ ತಲೆ ಎತ್ತಬೇಕು. ಪಾರಿವಾಳದಂಥ ಕೆಲವು ಮಾತ್ರ ಕೊಕ್ಕು ಮುಳುಗಿಸಿಟ್ಟು ಒಂದೇ ಸಮನೆ ಹೀರುತ್ತವೆ. ಇದನ್ನು ಹೇಳಿ ನೋಡಿ, ಮಗ ಮೊಬೈಲ್ ಕೆಳಗಿಟ್ಟು ಬಂದು ಕೂರುತ್ತಾನೆ.

ಅವನಿಗೆ ಎಣಿಸೋ ಕೆಲಸ ಕೊಡಿ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಹದಿನೈದು ನಿಮಿಷ. ಯಾವ ಹಕ್ಕಿ, ಎಷ್ಟು ಬಂತು, ಏನು ಮಾಡಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಈ ಎಣಿಕೆ ಬರೀ ಮಕ್ಕಳಾಟ ಅಲ್ಲ. ಅಮೆರಿಕದಲ್ಲಿ ಹಿಂದೆ ಕ್ರಿಸ್‌ಮಸ್ ರಜೆಯಲ್ಲಿ ಜನ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು, ಯಾರ ಗುಂಪು ಜಾಸ್ತಿ ಕೊಂದಿತೋ ಅದೇ ಗೆದ್ದ ಹಾಗೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ‘ಈ ಸಲ ಕೊಲ್ಲೋದು ಬೇಡ, ಎಣಿಸೋಣ’ ಅಂದರು. ಆ ವರ್ಷ ಸೇರಿದವರು ಬರೀ 27 ಜನ. ಅಂದು ಶುರುವಾದ ಆ ಎಣಿಕೆ ಇವತ್ತಿಗೂ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರವರೆಗೆ ನಡೆಯುತ್ತದೆ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಅಂತ ವಿಜ್ಞಾನಿಗಳು ಹೇಳಲು ಅದರ ದಾಖಲೆ ಬಹಳ ನೆರವಾಗಿದೆ. ನಿಮ್ಮ ಮಗ ಬರೆದಿದ್ದನ್ನು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಬಹುದು, 2002ರಿಂದ ಇದೆ, ಯಾರು ಬೇಕಾದರೂ ಉಚಿತವಾಗಿ ಸೇರಿಸಬಹುದು. ಮಕ್ಕಳ ಖಾತೆಯನ್ನು ನೀವೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ನಾಯಿಗೆ ಆರು ವರ್ಷ. ಪಟಾಕಿ ಶುರುವಾದ ಕೂಡಲೇ ವಾಷಿಂಗ್ ಮೆಷಿನ್ ಹಿಂದೆ ಹೋಗಿ ತೂರಿಕೊಳ್ಳುತ್ತೆ, ಬೆಳಗಿನವರೆಗೂ ಬರಲ್ಲ. ಹತ್ತಿರ ಹೋಗಿ ಸಮಾಧಾನ ಮಾಡಿದರೆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತೆ ಅಂತ ಯಾರೋ ಹೇಳಿದರು. ನಿಜಾನಾ?

ನಿಜ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೂತ್ಕೋ ಅಂದಾಗ ಕೂತರೆ ತಿಂಡಿ ಕೊಟ್ಟು ಕಲಿಸುತ್ತೇವಲ್ಲ, ಭಯ ಹಾಗೆ ತಿಂಡಿ ಕೊಟ್ಟು ಬೆಳೆಸುವ ಅಭ್ಯಾಸವಲ್ಲ. ನಡುಗುತ್ತಿರುವ ನಾಯಿ ಬಂದು ನಿಮ್ಮ ಕಾಲಿಗೆ ಒತ್ತಿಕೊಂಡರೆ ಮೈ ಮೇಲೆ ಕೈ ಇಡಿ, ಮೆಲ್ಲಗೆ ಮಾತಾಡಿ. ಬರದೇ ಮೂಲೆ ಸೇರಿದರೆ ಎಳೆದು ತರಬೇಡಿ. ಗದರೋದಂತೂ ಬೇಡವೇ ಬೇಡ.

ಅದರ ಕಿವಿಯ ಕಡೆಯಿಂದ ಯೋಚಿಸಿ. ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000, ಬೆಕ್ಕಿಗೆ 60,000ಕ್ಕೂ ಜಾಸ್ತಿ. ನಮಗೆ ಕೇಳದೇ ಹೋಗುವ ಸಣ್ಣ ಸದ್ದೂ ಅವಕ್ಕೆ ಕೇಳುತ್ತದೆ, ಇನ್ನು ಪಟಾಕಿ ಹೇಗಿರಬೇಡ ಹೇಳಿ. ಜೊತೆಗೆ ಇದು ಹಬ್ಬ, ಇನ್ನೆರಡು ಗಂಟೆಗೆ ಮುಗಿಯುತ್ತೆ ಅಂತ ನಮಗೆ ಗೊತ್ತು. ಅದಕ್ಕೆ ಗೊತ್ತಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ನಿಮ್ಮ ನಾಯಿ ವಾಷಿಂಗ್ ಮೆಷಿನ್ ಹಿಂದಿನ ಜಾಗವನ್ನು ತಾನೇ ಆರಿಸಿಕೊಂಡಿದೆ ಅಲ್ವಾ, ಅದನ್ನೇ ಚೆನ್ನಾಗಿ ಮಾಡಿಕೊಡಿ. ಮೆಷಿನ್‌ನ ಪ್ಲಗ್ ತೆಗೆಯಿರಿ, ಹಿಂದೆ ದಪ್ಪ ಹೊದಿಕೆ ಹಾಸಿ, ನಿಮ್ಮ ಒಂದು ಹಳೆಯ ಬಟ್ಟೆ ಇಡಿ, ಪಕ್ಕದಲ್ಲೇ ನೀರಿರಲಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಅಥವಾ ಟೀವಿ ಹಾಕಿ. ವಾಕಿಂಗನ್ನು ಬೆಳಕಿರುವಾಗಲೇ ಮುಗಿಸಿ, ಬಾರು ಬಿಚ್ಚಬೇಡಿ. ಕಾಲರ್‌ನಲ್ಲಿ ನಿಮ್ಮ ಫೋನ್ ನಂಬರ್ ಇದೆಯಾ ಅಂತ ಇವತ್ತೇ ನೋಡಿ, ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ, ಅದರ ನೋಂದಣಿಯಲ್ಲಿ ಹಳೆಯ ನಂಬರ್ ಉಳಿದಿದ್ದರೆ ಬದಲಿಸಿ. ಸದ್ದಿಗೆ ಬೆದರಿ ಗೇಟು ಹಾರಿ ಓಡಿದ ನಾಯಿಗೆ ದಾರಿ ಗೊತ್ತಾಗುವುದಿಲ್ಲ. ಆ ರಾತ್ರಿ ಒಂದು ಫೋನ್ ನಂಬರ್ ಇದ್ದರೆ ಮನೆ ಸೇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಬೆಳಗಿನವರೆಗೂ ಹೊರಗೆ ಬಾರದಷ್ಟು ಭಯ ಇದ್ದರೆ ಅದಕ್ಕೆ ಔಷಧ ಇದೆ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಪಶುವೈದ್ಯರನ್ನು ನೋಡಿ. ನಿಮ್ಮ ಮನೆಯ ಮಾತ್ರೆ ಡಬ್ಬಿಯಿಂದ ಏನೂ ಕೊಡಬೇಡಿ. ನಮಗೆ ಸಾಮಾನ್ಯವಾದ ಪ್ಯಾರಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕಿನ ಜೀವ ಹೋಗಬಹುದು. ಹಬ್ಬ ದೂರ ಇರುವಾಗ ಪಟಾಕಿಯ ಸದ್ದನ್ನು ರೆಕಾರ್ಡಿಂಗ್‌ನಲ್ಲಿ ಬಹಳ ಮೆಲ್ಲಗೆ ಹಾಕಿ, ಜೊತೆಗೆ ಇಷ್ಟದ ತಿಂಡಿ ಕೊಟ್ಟು, ವಾರಗಟ್ಟಲೆ ನಿಧಾನವಾಗಿ ಸದ್ದು ಏರಿಸುವ ಅಭ್ಯಾಸವೂ ಬಹಳ ನಾಯಿಗಳಿಗೆ ಉಪಯೋಗವಾಗಿದೆ.

ನೀವು ಕೇಳಿದ್ದು ನಾಯಿಯ ಬಗ್ಗೆ, ಆದರೆ ಮರದ ಮೇಲಿರುವವರ ಬಗ್ಗೆಯೂ ಹೇಳಿಬಿಡುತ್ತೇನೆ. 2010ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಆರ್ಕನ್ಸಾ ರಾಜ್ಯದ ಬೀಬಿ ಎಂಬ ಊರಿನಲ್ಲಿ ಆಕಾಶದಿಂದ ಸಾವಿರಾರು ಹಕ್ಕಿಗಳು ಸತ್ತು ಬಿದ್ದವು. ಗುಂಪಾಗಿ ಮರಗಳಲ್ಲಿ ಮಲಗಿದ್ದ ಹಕ್ಕಿಗಳು ಪಟಾಕಿ ಸದ್ದಿಗೆ ಎದ್ದು, ಕತ್ತಲಲ್ಲಿ ದಿಕ್ಕು ಕಾಣದೆ ಮನೆ, ಮರ, ಕಂಬಗಳಿಗೆ ಬಡಿದು ಸತ್ತಿದ್ದವು. ನೆದರ್ಲೆಂಡ್ಸ್‌ನಲ್ಲಿ ಹೊಸ ವರ್ಷದ ರಾತ್ರಿ ಹವಾಮಾನ ರೇಡಾರ್‌ನಲ್ಲಿ ನೋಡಿದಾಗ, ಹನ್ನೆರಡು ಹೊಡೆದ ಕೂಡಲೇ ಹಕ್ಕಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಮೇಲೇಳುವುದು ಕಂಡಿದೆ, ಅರ್ಧ ಕಿಲೋಮೀಟರ್ ಎತ್ತರದವರೆಗೂ. ಹಾಗಾಗಿ ಹಚ್ಚಲೇಬೇಕು ಅನ್ನುವವರು ಸದ್ದಿಲ್ಲದ್ದನ್ನು ಆರಿಸಿ, ಕೆರೆ ದಂಡೆ ಮತ್ತು ದೊಡ್ಡ ಮರಗಳಿಂದ ದೂರ ಇರಿ. ಬೇಡವೇ ಬೇಡ ಅಂತ ಬಿಟ್ಟವರಿಗೆ ನನ್ನ ದೊಡ್ಡ ನಮಸ್ಕಾರ.

ಪ್ರಶ್ನೆ: ವಾರದ ಮಟ್ಟಿಗೆ ಪ್ರವಾಸ ಹೋಗುತ್ತಿದ್ದೇವೆ. ಬೆಕ್ಕಿಗೆ ಏಳು ದಿನಕ್ಕಾಗುವಷ್ಟು ಊಟ, ನೀರು ಇಟ್ಟು ಹೋದರೆ ಸಾಕಲ್ವಾ? ಅಕ್ವೇರಿಯಂ ಮೀನೂ ಇದೆ.

ಬೆಕ್ಕಿಗೆ ಸಾಲದು. ಬೆಕ್ಕು ಒಂಟಿಯಾಗಿ ಇರುತ್ತೆ ಅನ್ನೋ ಧೈರ್ಯದ ಮೇಲೆ ಎಷ್ಟೋ ಜನ ಹೀಗೆ ಮಾಡುತ್ತಾರೆ. ನೀರು ಉರುಳಿ ಹೋದರೆ? ಬಾಗಿಲು ಗಾಳಿಗೆ ಬಡಿದು ಒಂದು ಕೋಣೆಯಲ್ಲಿ ಸಿಕ್ಕಿಕೊಂಡರೆ? ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಲಿವರ್‌ಗೇ ಏಟು ಬೀಳುತ್ತದೆ, ಅದು ತಿಂದಿದೆಯೋ ಇಲ್ಲವೋ ಅಂತ ನೋಡಲು ದಿನಕ್ಕೊಮ್ಮೆಯಾದರೂ ಒಬ್ಬರು ಬರಲೇಬೇಕು. ಬೆಕ್ಕಿಗೆ ಗೊತ್ತಿರುವವರಾದರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ಒಂದೆರಡು ಸಲ ಅವರನ್ನು ಮನೆಗೆ ಕರೆದು ಊಟ ಹಾಕಿಸಿ. ವೈದ್ಯರ ನಂಬರ್ ಫ್ರಿಜ್ ಮೇಲೆ ಅಂಟಿಸಿ.

ಮೀನಿನ ವಿಷಯ ಬೇರೆ. ನೀವು ಬೆಳಗ್ಗೆ ಹಾಕುವಷ್ಟನ್ನು ಏಳು ಪೊಟ್ಟಣ ಕಟ್ಟಿ, ದಿನದ ಹೆಸರು ಬರೆದು ಕೊಡಿ. ಪ್ರೀತಿಯಿಂದ ಜಾಸ್ತಿ ಹಾಕಿದರೆ ಉಳಿದದ್ದು ಕೊಳೆತು ನೀರು ಕೆಟ್ಟು ಮೀನು ಸಾಯುತ್ತದೆ. ಆರೋಗ್ಯವಾಗಿರುವ ದೊಡ್ಡ ಮೀನು ಒಂದೆರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ.

ನಿಮ್ಮ ಮನೆ ಮುಂದೆ ದಿನಾ ಊಟಕ್ಕೆ ಬರುವ ನಾಯಿ ಇದ್ದರೆ ಅದನ್ನೂ ಯಾರಿಗಾದರೂ ವಹಿಸಿ ಹೋಗಿ. ಅದಕ್ಕೆ ನೀವು ಪ್ರವಾಸ ಹೋಗಿರುವುದು ಗೊತ್ತಿರುವುದಿಲ್ಲ, ಬಾಗಿಲು ನೋಡುತ್ತಾ ಕೂತಿರುತ್ತದೆ. ನಾಯಿಯನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ಒಂದೇ ಮಾತು: ‘ಐದು ನಿಮಿಷ ಅಷ್ಟೇ’ ಅಂತ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ ಹಿತವಾದ 24 ಡಿಗ್ರಿ ಇದ್ದರೂ ಕಾರಿನೊಳಗೆ ಹತ್ತು ನಿಮಿಷದಲ್ಲಿ 34, ಅರ್ಧ ಗಂಟೆಯಲ್ಲಿ 43ರ ಹತ್ತಿರ ಹೋಗುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ.

ಪ್ರಶ್ನೆ: ಮಗಳ ಹುಟ್ಟುಹಬ್ಬ ರಜೆಯಲ್ಲೇ ಬರುತ್ತದೆ. ಅವಳಿಗೆ ತಿಳಿಯದಂತೆ ನಾಯಿಮರಿ ತಂದು ಆಶ್ಚರ್ಯಪಡಿಸಬೇಕೆಂದಿದ್ದೇನೆ.

ದಯವಿಟ್ಟು ಬೇಡ. ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ, ಅದು ಗುಟ್ಟಾಗಿ ತೀರ್ಮಾನಿಸುವ ವಿಷಯವಲ್ಲ. ರಜೆಯಲ್ಲಿ ಮನೆ ತುಂಬಾ ಗಲಾಟೆ, ಎಲ್ಲರೂ ಎತ್ತಿಕೊಳ್ಳುವವರೇ. ರಜೆ ಮುಗಿದ ಸೋಮವಾರ ಮರಿ ಖಾಲಿ ಮನೆಯಲ್ಲಿ ಒಂಟಿಯಾಗಿ ಕೂಗುತ್ತಿರುತ್ತದೆ. ಬದಲಿಗೆ ಮಗಳನ್ನು ಕರೆದುಕೊಂಡು ಹತ್ತಿರದ ಪ್ರಾಣಿ ಆಶ್ರಯಕ್ಕೆ ಹೋಗಿ, ನಾಯಿ ವಾಕಿಂಗ್ ಮಾಡಿಸಲು, ಬೌಲ್ ತೊಳೆಯಲು ಬರಬಹುದಾ ಅಂತ ಕೇಳಿ. ಕೆಲವು ಕಡೆ ಒಂದೆರಡು ರಾತ್ರಿಗೆ ಮನೆಗೂ ಕಳಿಸುತ್ತಾರೆ. ಹಾಗೆ ಮನೆಯಲ್ಲಿ ಮಲಗಿದ ನಾಯಿಗಳ ಮೈಯಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಇಳಿದಿದ್ದು ಅಧ್ಯಯನದಲ್ಲಿ ಕಂಡಿದೆ. ಹಳೆಯ ಬೆಡ್‌ಶೀಟ್, ಟವೆಲ್ ಕೊಟ್ಟರೆ ಯಾವ ಆಶ್ರಯವೂ ಬೇಡ ಅನ್ನುವುದಿಲ್ಲ. ಇಷ್ಟಾದ ಮೇಲೂ ಮಗಳಿಗೆ ನಾಯಿ ಬೇಕೆನಿಸಿದರೆ, ಇಡೀ ಮನೆ ಒಪ್ಪಿದರೆ, ರಜೆ ಮುಗಿದು ಮನೆ ಶಾಂತವಾದ ಮೇಲೆ ಅಲ್ಲಿಂದಲೇ ಒಂದನ್ನು ತನ್ನಿ.

ಪ್ರಶ್ನೆ: ಹಬ್ಬಕ್ಕೆ ಮನೆ ತುಂಬಾ ನೆಂಟರು. ಎಲ್ಲರೂ ನಾಯಿಗೆ, ಬೆಕ್ಕಿಗೆ ಏನಾದರೂ ತಿನ್ನಿಸುತ್ತಾರೆ. ಯಾವುದು ಕೊಡಬಾರದು?

ಚಾಕೊಲೇಟ್ ಕೊಡಬಾರದು, ಅದರಲ್ಲಿನ ಥಿಯೋಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗುವುದಿಲ್ಲ, ಕಪ್ಪಾದಷ್ಟೂ ಅಪಾಯ ಜಾಸ್ತಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರಬಹುದು, ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ದಿಢೀರ್ ಕುಸಿಯುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ. ಹೂದಾನಿಯಲ್ಲಿ ಲಿಲ್ಲಿ ಇದ್ದರೆ ಬೆಕ್ಕಿರುವ ಮನೆಯಿಂದ ಹೊರಗಿಡಿ, ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ.

ಊಟದಷ್ಟೇ ಅಪಾಯದ ಇನ್ನೊಂದು ಇದೆ, ಉಡುಗೊರೆ ಕಟ್ಟುವ ರಿಬ್ಬನ್, ಅಲಂಕಾರದ ಮಿಂಚುದಾರ. ಬೆಕ್ಕು ಆಡುತ್ತಾ ಆಡುತ್ತಾ ನುಂಗುತ್ತದೆ. ಅದರ ನಾಲಿಗೆಯ ಮೇಲಿನ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ಒಳಗೆ ಹೋದ ದಾರವನ್ನು ಉಗುಳಲು ಆಗುವುದಿಲ್ಲ. ಬಾಯಲ್ಲೋ ಹಿಂಭಾಗದಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ, ಒಳಗೆ ಕರುಳು ಕತ್ತರಿಸಬಹುದು. ಹಾಗೇ ಬಿಟ್ಟು ವೈದ್ಯರ ಹತ್ತಿರ ಓಡಿ. ನೆಂಟರಿಗೆ ಬೇಸರ ಆಗದಂತೆ ಹೇಳಲು ಒಂದು ಉಪಾಯ ಇದೆ. ಒಂದು ಡಬ್ಬಿಯಲ್ಲಿ ಅದರ ಮಾಮೂಲಿ ತಿಂಡಿ ಹಾಕಿಟ್ಟು ‘ಕೊಡೋದಾದರೆ ಇದನ್ನೇ ಕೊಡಿ’ ಅನ್ನಿ.

ಪ್ರಶ್ನೆ: ಕಾಡಿನ ಪ್ರವಾಸಕ್ಕೆ ಹೋದಾಗ ಒಬ್ಬರು ಸಣ್ಣ ಪ್ರಾಣಿಯೊಂದನ್ನು ಕೈಗೆ ಕೊಟ್ಟು ಫೋಟೋ ತೆಗೆಸಿದರು. ದೊಡ್ಡ ಕಣ್ಣು, ಕಂಕುಳಲ್ಲಿ ಕಚಗುಳಿ ಇಟ್ಟರೆ ಎರಡೂ ಕೈ ಮೇಲೆತ್ತುತ್ತಿತ್ತು. ಮುದ್ದಾಗಿತ್ತು, ಆದರೂ ಮನೆಗೆ ಬಂದ ಮೇಲೆ ಏನೋ ಸರಿ ಅನ್ನಿಸಲಿಲ್ಲ. ನಾನು ತಪ್ಪು ಮಾಡಿದೆನಾ?

ಸರಿ ಅನ್ನಿಸದೇ ಇದ್ದದ್ದೇ ಸರಿ. ನಿಮ್ಮ ವರ್ಣನೆ ನೋಡಿದರೆ ಅದು ಸ್ಲೋ ಲೋರಿಸ್, ಅಂದರೆ ಕಾಡುಪಾಪದ ಹತ್ತಿರದ ಜಾತಿ. ಅದು ಕೈ ಮೇಲೆತ್ತಿದ್ದು ಖುಷಿಗಲ್ಲ, ಹೆದರಿ. ಅದರ ತೋಳಿನ ಒಳಭಾಗದಲ್ಲಿ ಒಂದು ಗ್ರಂಥಿ ಇದೆ, ಅಪಾಯ ಬಂದಾಗ ಕೈ ಎತ್ತಿ ಅಲ್ಲಿನ ರಸವನ್ನು ನೆಕ್ಕಿ ಎಂಜಲಿನ ಜೊತೆ ಸೇರಿಸಿ ಕಚ್ಚುತ್ತದೆ. ಸಸ್ತನಿಗಳಲ್ಲಿ ವಿಷವಿರುವ ಕೆಲವೇ ಕೆಲವು ಪ್ರಾಣಿಗಳಲ್ಲಿ ಅದೂ ಒಂದು. ಅದಕ್ಕೇ ಹಿಡಿದು ಮಾರುವವರು ಅದರ ಹಲ್ಲುಗಳನ್ನು ಕತ್ತರಿಸುತ್ತಾರೆ. ರಾತ್ರಿ ಓಡಾಡುವ ಆ ಪ್ರಾಣಿಗೆ ಹಗಲಿನ ಬೆಳಕೇ ಹಿಂಸೆ. ನಿಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಮಾಡಿದ್ದಕ್ಕೆ ಕೊರಗಬೇಡಿ. ಆ ಫೋಟೋವನ್ನು ಎಲ್ಲಾದರೂ ಹಾಕಿದ್ದರೆ ತೆಗೆದುಬಿಡಿ, ಯಾಕೆಂದರೆ ಅದನ್ನು ನೋಡಿದ ಇನ್ನೊಬ್ಬರಿಗೂ ಅಂಥದ್ದೇ ಬೇಕೆನಿಸುತ್ತದೆ. ಈ ಹಾವಳಿ ಎಷ್ಟಿತ್ತೆಂದರೆ 2017ರಲ್ಲಿ ಇನ್‌ಸ್ಟಾಗ್ರಾಂ ಇಂಥ ಸೆಲ್ಫಿಗಳ ಹ್ಯಾಶ್‌ಟ್ಯಾಗ್ ಹುಡುಕಿದವರಿಗೆ ಎಚ್ಚರಿಕೆ ತೋರಿಸಲು ಶುರು ಮಾಡಿತು.

ಮುಂದಿನ ಪ್ರವಾಸಕ್ಕೆ ಒಂದು ಅಳತೆಗೋಲು ಹೇಳುತ್ತೇನೆ. ಕಾಡುಪ್ರಾಣಿಯನ್ನು ಮುಟ್ಟಲು, ಎತ್ತಿಕೊಳ್ಳಲು, ಮೇಲೆ ಕೂರಲು, ಬಾಟಲಿ ಹಾಲು ಕುಡಿಸಲು ಬಿಡುತ್ತಾರೆ ಅಂದರೆ ಆ ಜಾಗಕ್ಕೆ ಹೋಗಬೇಡಿ. ಹುಲಿಮರಿ ನಿಮ್ಮ ಮಡಿಲಿಗೆ ಬಂದಿದೆ ಎಂದರೆ ಅದನ್ನು ಯಾರೋ ತಾಯಿಯಿಂದ ಕಿತ್ತು ತಂದಿದ್ದಾರೆ. ಸಫಾರಿಯಲ್ಲಿ ಪ್ರಾಣಿ ಮೇಯೋದು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿದರೆ, ಕಿವಿ ನೆಟ್ಟಗಾದರೆ, ಮರಿಯನ್ನು ಹಿಂದಕ್ಕೆ ತಳ್ಳಿದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಚಾಲಕರಿಗೆ ‘ಇನ್ನೂ ಹತ್ತಿರ ಹೋಗಿ’ ಅನ್ನಬೇಡಿ. ನೀವು ಹಾಗೆ ಕೇಳುತ್ತೀರಿ ಅಂತಲೇ ಅವರು ಹೋಗುತ್ತಾರೆ. ‘ಇಷ್ಟು ಸಾಕು, ಇಲ್ಲೇ ನಿಲ್ಲಿಸಿ’ ಅಂತ ಒಬ್ಬರು ಬಾಯಿಬಿಟ್ಟು ಹೇಳಿದರೆ ಇಡೀ ಗಾಡಿ ತಣ್ಣಗಾಗುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಹಕ್ಕಿಯನ್ನು ಕರೆಯಲು ಫೋನಿನಲ್ಲಿ ಅದರ ಕೂಗು ಹಾಕಬೇಡಿ. ಬೇರೆ ಗಂಡು ಬಂತು ಅಂತ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಅಪರೂಪದ ಪ್ರಾಣಿಯ ಫೋಟೋ ಹಾಕುವಾಗ ಜಾಗದ ಗುರುತು ತೆಗೆದುಹಾಕಿ, ಬೇಟೆಯವರೂ ನೋಡುತ್ತಾರೆ.

ನೆನಪಿಗೆ ಅಂತ ಹವಳ, ಆಮೆ ಚಿಪ್ಪು, ದಂತ, ಚರ್ಮದ ವಸ್ತು ಕೊಳ್ಳಬೇಡಿ. ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ, ಅದರ ಪ್ರಕಾರ ಇವುಗಳಲ್ಲಿ ಬಹಳಷ್ಟನ್ನು ಅನುಮತಿ ಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ಅಂಗಡಿಯವರು ‘ಏನೂ ಆಗಲ್ಲ’ ಅಂದರೂ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುವವರು ನೀವೇ.

ಪ್ರಶ್ನೆ: ದಾರಿಯಲ್ಲಿ ಕೋತಿಗಳು ಕೈಚಾಚಿ ಕೂತಿರುತ್ತವೆ. ಪಾಪ ಅನ್ನಿಸುತ್ತೆ, ಬಿಸ್ಕತ್ತು ಕೊಟ್ಟರೆ ತಪ್ಪೇನು?

ಕೊಡಬೇಡಿ. ಅವು ರಸ್ತೆ ಪಕ್ಕ ಕೂರುವುದೇ ಕಾರು ನಿಲ್ಲುತ್ತದೆ ಅಂತ, ಮರಿ ಹೊತ್ತ ತಾಯಿ ಚಕ್ರದಡಿ ಬರುವುದೂ ಅದಕ್ಕೇ. ಇವತ್ತು ನಿಮ್ಮಿಂದ ಬಿಸ್ಕತ್ತು ಪಡೆದದ್ದು ನಾಳೆ ಇನ್ನೊಬ್ಬರ ಮಗುವಿನ ಕೈಯಿಂದ ಕಿತ್ತುಕೊಂಡಾಗ ಕಲ್ಲೇಟು ತಿನ್ನುತ್ತದೆ. ನಮ್ಮ ಶೀತ, ಜ್ವರದ ವೈರಸ್‌ಗಳೂ ಅವಕ್ಕೆ ದಾಟಬಹುದು. ಚಿಂಪಾಂಜಿಗಳು ಮನುಷ್ಯರ ಉಸಿರಾಟದ ವೈರಸ್‌ಗಳಿಂದ ಸತ್ತದ್ದು ದಾಖಲಾಗಿದೆ.

ಪ್ರಶ್ನೆ: ರಾತ್ರಿ ಕಾಡಿನ ದಾರಿಯಲ್ಲಿ ಕಾರು ಓಡಿಸುವವರಿಗೆ ಏನು ಹೇಳುತ್ತೀರಿ?

ಆದಷ್ಟೂ ರಾತ್ರಿ ಬೇಡ. ಮುಂಜಾನೆ ಮತ್ತು ಮುಸ್ಸಂಜೆ ಪ್ರಾಣಿಗಳ ಓಡಾಟ ಜಾಸ್ತಿ, ಆ ಹೊತ್ತಿಗೂ ನಿಧಾನ ಇರಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಕಾರು ಜಾರುವ ದೂರ ನಾಲ್ಕು ಪಟ್ಟಾಗುತ್ತದೆ, 80ರಲ್ಲಿ ಹೋಗುವವರು 40ಕ್ಕೆ ಇಳಿಸಿದರೆ ಎದುರಿಗೆ ಬಂದ ಜಿಂಕೆಗೆ ಬದುಕುವ ಅವಕಾಶ ಎಷ್ಟು ಹೆಚ್ಚುತ್ತದೆ ನೋಡಿ. ಒಂದು ದಾಟಿತು ಅಂತ ಗೇರ್ ಹಾಕಬೇಡಿ, ಹಿಂದೆಯೇ ಇನ್ನೊಂದಿರುತ್ತದೆ. ಬೆಳಕಿಗೆ ಕಣ್ಣು ಕತ್ತಲಿಟ್ಟು ನಿಂತರೆ ದೀಪ ತಗ್ಗಿಸಿ ಕಾಯಿರಿ. ಹಣ್ಣಿನ ಸಿಪ್ಪೆ ಮಣ್ಣಲ್ಲಿ ಮಣ್ಣಾಗುತ್ತೆ ಅಂತ ಕಿಟಕಿಯಿಂದ ಎಸೆಯುತ್ತೇವೆ, ಅದನ್ನು ತಿನ್ನಲು ಇಲಿ ರಸ್ತೆಗೆ ಬರುತ್ತದೆ, ಇಲಿಗೆ ಅಂತ ಗೂಬೆ ಕೆಳಗೆ ಹಾರುತ್ತದೆ, ಅಷ್ಟರಲ್ಲಿ ಒಂದು ಲಾರಿ ಬರುತ್ತದೆ. ಸಿಪ್ಪೆಗೊಂದು ಚೀಲ ಇಟ್ಟುಕೊಳ್ಳಿ.

ಪ್ರಶ್ನೆ: ಸಮುದ್ರ ತೀರಕ್ಕೆ ಹೋಗುತ್ತಿದ್ದೇವೆ. ಆಮೆಗಳು ಮೊಟ್ಟೆ ಇಡುವ ಜಾಗವಂತೆ.

ಎಷ್ಟು ಒಳ್ಳೆಯದು. ಹೊರಡುವ ಮೊದಲು ಮಕ್ಕಳು ಮರಳಲ್ಲಿ ತೋಡಿದ ಗುಂಡಿಗಳನ್ನು ಮುಚ್ಚಿಸಿ, ಕಟ್ಟಿದ ಕೋಟೆಯನ್ನು ಕೆಡವಿ ಸಮ ಮಾಡಿಸಿ. ಅಂಗೈಗಿಂತ ಚಿಕ್ಕದಾದ ಮರಿ ರಾತ್ರಿ ಗೂಡಿಂದ ಎದ್ದು ನೀರಿನ ಕಡೆ ತೆವಳುವಾಗ ನಿಮ್ಮ ಗುಂಡಿ ಅದಕ್ಕೆ ಬಾವಿ. ಒಮ್ಮೆ ಬಿದ್ದರೆ ಹತ್ತಲಾರದೆ ಬಿಸಿಲೇರಿದ ಮೇಲೆ ಸಾಯುತ್ತದೆ. ಮರಿಗಳು ಬೆಳಕು ಜಾಸ್ತಿ ಕಾಣುವ ದಿಕ್ಕನ್ನೇ ಸಮುದ್ರ ಅಂದುಕೊಳ್ಳುತ್ತವೆ, ಹಾಗಾಗಿ ಕೋಣೆಯ ದೀಪ ಆರಿಸಿ ಅಥವಾ ಪರದೆ ಎಳೆಯಿರಿ, ತೀರದಲ್ಲಿ ಟಾರ್ಚ್, ಫ್ಲ್ಯಾಶ್ ಬೇಡ. ಮರಿ ಕಂಡರೆ ಎತ್ತಿ ನೀರಿಗೆ ಬಿಡೋ ಆಸೆಯಾಗುತ್ತದೆ, ಬಿಡಬೇಡಿ. ತೆವಳಲಿ. ದಾರಿ ತಪ್ಪಿ ರಸ್ತೆ ಕಡೆ ಹೊರಟರೆ ಅಲ್ಲಿನ ಆಮೆ ಕಾವಲಿನವರಿಗೆ ಅಥವಾ ಅರಣ್ಯ ಇಲಾಖೆಗೆ ಹೇಳಿ. ಖಾಲಿ ಶಂಖಗಳನ್ನೂ ಅಲ್ಲೇ ಬಿಡಿ, ಸನ್ಯಾಸಿ ಏಡಿಗಳಿಗೆ ಅವೇ ಮನೆ. ಸನ್‌ಸ್ಕ್ರೀನ್ ವಿಷಯಕ್ಕೆ ಬಂದರೆ, ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಇರುವವುಗಳ ಮಾರಾಟವನ್ನು ಹವಳ ಉಳಿಸಲೆಂದು ಅಮೆರಿಕದ ಹವಾಯಿ ರಾಜ್ಯ 2021ರಿಂದ ನಿಲ್ಲಿಸಿದೆ. ತುಂಬುತೋಳಿನ ಈಜುಡುಗೆ ಹಾಕಿದರೆ ಹಚ್ಚುವುದೇ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಐದನೇ ಕ್ಲಾಸ್. ನಮ್ಮ ಮನೆ ಹತ್ತಿರ ಹಕ್ಕಿಮರಿ ಕೆಳಗೆ ಬಿದ್ದಿತ್ತು. ಮುಟ್ಟಿದರೆ ಅಮ್ಮ ಹಕ್ಕಿ ಸೇರಿಸಲ್ಲ ಅಂತ ಅಜ್ಜಿ ಹೇಳಿದ್ರು. ಏನು ಮಾಡಬೇಕಿತ್ತು?

ಪುಟ್ಟಾ, ಮೊದಲು ಸುಮ್ನೆ ನಿಂತು ಅದರ ಮೈ ನೋಡಬೇಕಿತ್ತು. ಮೈ ತುಂಬಾ ಗರಿ ಇದೆಯಾ? ಕುಪ್ಪಳಿಸುತ್ತಾ? ಬಾಲ ಮೋಟಾಗಿದೆಯಾ? ಹಾಗಿದ್ದರೆ ಅದು ಬಿದ್ದಿದ್ದಲ್ಲ, ಹಾರೋದನ್ನು ಕಲಿಯಲು ಇಳಿದಿದ್ದು. ಅಪ್ಪ ಅಮ್ಮ ಎಲ್ಲೋ ಹತ್ತಿರದಲ್ಲೇ ಹುಳ ಹಿಡಿದುಕೊಂಡು ನೀನು ಯಾವಾಗ ಹೋಗ್ತೀಯ ಅಂತ ಕಾಯ್ತಾ ಇರುತ್ತಾರೆ. ನಾಯಿ ಬೆಕ್ಕನ್ನು ಒಳಗೆ ಕಟ್ಟಿ, ನೀನು ದೂರ ಹೋಗಿ ಕಿಟಕಿಯಿಂದ ನೋಡು. ಅದೇ ಮೈ ಬರಿದಾಗಿದ್ದು, ಕಣ್ಣು ಮುಚ್ಚಿಕೊಂಡಿದ್ದರೆ ಗೂಡಿಗೆ ವಾಪಸ್ ಇಡಬೇಕು, ಹತ್ತೋ ಕೆಲಸ ದೊಡ್ಡವರು ಮಾಡಲಿ.

ಅಜ್ಜಿ ಹೇಳಿದ್ದನ್ನು ಬಹಳ ಜನ ನಂಬಿದ್ದಾರೆ, ಮರಿಯನ್ನು ಮುಟ್ಟದೆ ಉಳಿಸಲಿ ಅಂತ ಹಾಗೆ ಹೇಳುತ್ತಾ ಬಂದಿರಬಹುದು. ಆದರೆ ಮನುಷ್ಯರ ವಾಸನೆ ಬಂತು ಅಂತ ಹಕ್ಕಿ ತನ್ನ ಮರಿಯನ್ನು ಬಿಟ್ಟು ಹೋಗುವುದಿಲ್ಲ. ಹಾಲು, ಅನ್ನ ಕೊಡಬೇಡ, ಬಾಯಿಗೆ ನೀರನ್ನಂತೂ ಬಿಡಲೇಬೇಡ. ಅದರ ನಾಲಿಗೆ ಬುಡದಲ್ಲೇ ಉಸಿರಿನ ತೂತು ಇರುತ್ತದೆ, ನೀರು ಸೀದಾ ಪುಪ್ಪುಸಕ್ಕೆ ಹೋಗುತ್ತದೆ.

ಪ್ರಶ್ನೆ: ನನಗೆ ವಯಸ್ಸಾಗಿದೆ, ರಜೆ ಬಂದರೂ ಎಲ್ಲೂ ಹೋಗುವುದಿಲ್ಲ. ಎತ್ತರದ ಫ್ಲ್ಯಾಟ್‌ನಲ್ಲಿ ಒಬ್ಬನೇ ಇದ್ದೇನೆ. ನನ್ನಿಂದ ಏನಾದೀತು?

ಸರ್, ನಿಮ್ಮ ಕಿಟಕಿಯಿಂದಲೇ ಆಗುವ ಕೆಲಸ ಇದೆ. ಗಾಜಿಗೆ ಬಡಿದು ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ 2014ರ ಲೆಕ್ಕ ಹೇಳುತ್ತದೆ. ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ, ಹಕ್ಕಿ ಅದನ್ನೇ ದಾರಿ ಅಂದುಕೊಳ್ಳುತ್ತದೆ. ಒಂದೇ ಒಂದು ಗಿಡುಗದ ಸ್ಟಿಕ್ಕರ್ ಅಂಟಿಸಿದರೆ ಅದರ ಪಕ್ಕದಿಂದ ನುಗ್ಗಲು ನೋಡುತ್ತದೆ. ಗಾಜಿನ ಹೊರಮೈ ಮೇಲೆ ಐದೈದು ಸೆಂಟಿಮೀಟರ್‌ಗೆ ಒಂದರಂತೆ ಚುಕ್ಕಿ ಇರಬೇಕು. ಕೈಗೆ ಎಟುಕದಿದ್ದರೆ ಬಾಗಿ ಸಾಹಸ ಮಾಡಬೇಡಿ, ಹೊರಗೆ ಬಲೆ ಕಟ್ಟುವವರನ್ನು ಕರೆಸಿ, ಬಿಗಿಯಾಗಿ ಎಳೆದು ಕಟ್ಟಿಸಿ. ಬಾಲ್ಕನಿಯ ದೀಪವನ್ನು ರಾತ್ರಿ ಆರಿಸಿಬಿಡಿ, ರಾತ್ರಿ ವಲಸೆ ಹೋಗುವ ಹಕ್ಕಿಗಳು ಬೆಳಕಿಗೆ ದಾರಿ ತಪ್ಪುತ್ತವೆ.

ಬಾಲ್ಕನಿಯಲ್ಲಿ ಬಡಿದು ಬಿದ್ದ ಹಕ್ಕಿ ಸಿಕ್ಕರೆ ಒಂದು ತೆಳ್ಳನೆಯ ಬಟ್ಟೆಯನ್ನು ಅದರ ಮೇಲೆ ಹಾಕಿ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ. ಕೈಯೊಳಗೆ ಅದರ ಎದೆ ಎಷ್ಟು ಬೇಗ ಬಡಿಯುತ್ತದೆಂದರೆ ಬಡಿತವನ್ನು ಎಣಿಸಲು ಆಗುವುದಿಲ್ಲ, ಮೈ ಬಿಸಿಯಾಗಿರುತ್ತದೆ, ತೂಕವೇ ಇಲ್ಲ ಅನ್ನಿಸುತ್ತದೆ. ಶೂ ಡಬ್ಬಿಗೆ ನಾಲ್ಕು ತೂತು ಮಾಡಿ, ಕೆಳಗೆ ಬಟ್ಟೆ ಹಾಸಿ, ಒಳಗಿಟ್ಟು ಮುಚ್ಚಿ. ಕತ್ತಲೆ, ನಿಶ್ಶಬ್ದ ಇದ್ದರೆ ಸಾಕು, ಊಟ ನೀರು ಬೇಡ, ಮತ್ತೆ ಮತ್ತೆ ತೆಗೆದು ನೋಡೋದೂ ಬೇಡ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ ಕಾಯದೆ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ. ಇಲ್ಲವಾದರೆ ಒಂದು ಗಂಟೆ ಬಿಡಿ. ಒಳಗೆ ಪರಪರ ಸದ್ದು ಕೇಳಿಸಿದಾಗ ಡಬ್ಬಿಯನ್ನು ಕೆಳಗೆ ಬಯಲಿಗೆ ತೆಗೆದುಕೊಂಡು ಹೋಗಿ ಮುಚ್ಚಳ ತೆಗೆಯಿರಿ. ತೆಗೆಯುವಾಗ ಡಬ್ಬಿಯ ಬಾಯಿ ಮರದ ಕಡೆಗಿರಲಿ, ಯಾವ ಕಿಟಕಿಯ ಕಡೆಗೂ ಬೇಡ.